ಟ್ರಾವೆಲ್ ಜಾಸ್ತಿ ಬೇಕಾ, ಕಡಿಮೆ ಸಾಕಾ? ಒಂದೇ ಕ್ರಾಲರ್‌ನಲ್ಲಿ ನಾಲ್ಕು ಸಸ್ಪೆನ್ಷನ್

ಆರ್‌ಸಿ ಕ್ರಾಲರ್, ಅಂದರೆ ರಿಮೋಟ್‌ನಿಂದ ಓಡಿಸಿ ಬಂಡೆ ಹತ್ತಿಸುವ ಪುಟ್ಟ ಗಾಡಿ, ಕೊಂಡವರೆಲ್ಲ ಮೊದಲು ತೆಗೆಯುವ ಫೋಟೋ ಒಂದೇ. ಮುಂದಿನ ಒಂದು ಚಕ್ರ ಕಲ್ಲಿನ ತುದಿಯಲ್ಲಿ, ಅದರ ಜೋಡಿ ಚಕ್ರ ಕೆಳಗೆ ನೆಲದಲ್ಲಿ, ಬಾಡಿ ಮಾತ್ರ ನೆಟ್ಟಗೆ. ಫೋಟೋ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ಜಾಗ) ಇರುವ ಗಾಡಿಯೇ ಬಂಡೆ ಚೆನ್ನಾಗಿ ಹತ್ತುತ್ತದೆ ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಒಂದೇ ಗಾಡಿಗೆ ನಾಲ್ಕು ಥರ ಸೆಟ್ಟಿಂಗ್ ಹಾಕಿ ಓಡಿಸಿದ ಮೇಲೆ ಬಂದ ಅಭಿಪ್ರಾಯ ಇದು.

ಗಾಡಿ ಟ್ರಾಕ್ಸಸ್ ಟಿಆರ್‌ಎಕ್ಸ್-4. 1:10 ಅಳತೆ, ವೀಲ್‌ಬೇಸ್ (ಮುಂಚಕ್ರ ಹಿಂಚಕ್ರಗಳ ನಡುವಿನ ದೂರ) 324 ಮಿ.ಮೀ., ಕಂಪನಿಯಿಂದಲೇ ಬರುವುದು 90 ಮಿ.ಮೀ. ಉದ್ದದ ಶಾಕ್ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್). ಎರಡು ಆಕ್ಸಲ್‌ಗಳ (ಜೋಡಿ ಚಕ್ರಗಳ ಅಚ್ಚು) ಡಿಫರೆನ್ಷಿಯಲ್ಲನ್ನೂ ರಿಮೋಟ್‌ನಿಂದಲೇ ಲಾಕ್ ಮಾಡಬಹುದು, ಅಂದರೆ ಜೋಡಿ ಚಕ್ರಗಳೆರಡೂ ಒಟ್ಟಿಗೇ ತಿರುಗುವಂತೆ ಮಾಡಬಹುದು. ಈ ಲಾಕ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓಡಿಸುವುದು ಹೆಚ್ಚಾಗಿ ರಾಮನಗರ, ಮಾಗಡಿ ಕಡೆಯ ಗ್ರಾನೈಟ್ ಮೇಲೆ. ಭೂವಿಜ್ಞಾನಿಗಳು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ರಾಮನಗರದ ಹಳೇ ಹೆಸರೇ ಅದು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮಗೆ ಮುಖ್ಯವಾದದ್ದು ಅದರ ಮೈ. ದಪ್ಪ ಹರಳಿನ ಒರಟು ಕಲ್ಲು. ಒಣಗಿದ್ದರೆ ಮೆತ್ತನೆ ಟೈರ್ ಅದನ್ನು ಕಚ್ಚಿ ಹಿಡಿಯುತ್ತದೆ. ಹಾಗಾಗಿ ಇಲ್ಲಿ ಗಾಡಿ ಜಾರಿ ಸೋಲುವುದು ಕಡಿಮೆ, ಪಲ್ಟಿ ಹೊಡೆದು ಸೋಲುವುದೇ ಜಾಸ್ತಿ. (ರಾಮದೇವರ ಬೆಟ್ಟಕ್ಕೆ ಮಾತ್ರ ಗಾಡಿ ಒಯ್ಯಬೇಡಿ. 2012ರಿಂದ ಅದು ರಣಹದ್ದು ಧಾಮ. ಯಾರದಾದರೂ ಹೊಲದ ಬದಿಯ ಬಂಡೆ ಸಿಕ್ಕರೆ ಧಾರಾಳ ಸಾಕು, ಹೊಲದವರನ್ನು ಒಂದು ಮಾತು ಕೇಳಿ.)

ಹೋಲಿಸುವ ಮೊದಲು ಅಳತೆ. ಬ್ಯಾಟರಿ ಗಾಡಿಯಲ್ಲೇ ಇರಲಿ. ಶಾಕ್‌ನ ಮೇಲಿನ ಸ್ಕ್ರೂನಿಂದ ಕೆಳಗಿನ ಸ್ಕ್ರೂವರೆಗೆ ಸ್ಕೇಲ್ ಹಿಡಿದು ಮೂರು ಸಲ ಅಳೆಯಿರಿ: ಗಾಡಿಯನ್ನು ಎತ್ತಿ ಹಿಡಿದಾಗ, ಸುಮ್ನೆ ನಿಂತಾಗ, ಕೈಯಿಂದ ಪೂರ್ತಿ ಒತ್ತಿದಾಗ. ನನ್ನ ಗಾಡಿಯಲ್ಲಿ ಮೊದಲು ಬಂದದ್ದು 90, 82, 66. ಅಂದರೆ ಒಟ್ಟು ಟ್ರಾವೆಲ್ 24 ಮಿ.ಮೀ. ನಿಂತ ಜಾಗದಿಂದ ಕೆಳಕ್ಕೆ ಇಳಿಯಲು 8, ಮೇಲಕ್ಕೆ ಒತ್ತಿಕೊಳ್ಳಲು 16. ಕೆಳಕ್ಕೆ ಇಳಿಯುವ ಪಾಲನ್ನು ಡ್ರೂಪ್ ಅನ್ನುತ್ತಾರೆ. ಒಟ್ಟು ಎಷ್ಟು ಟ್ರಾವೆಲ್ ಇದೆ ಅನ್ನುವುದಕ್ಕಿಂತ ಅದು ಮೇಲಕ್ಕೆಷ್ಟು ಕೆಳಕ್ಕೆಷ್ಟು ಹಂಚಿಹೋಗಿದೆ ಅನ್ನುವುದರಲ್ಲೇ ಆಟ ಇರುವುದು.

ಮೊದಲನೆಯದು ಕಂಪನಿ ಸೆಟ್ಟಿಂಗ್. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಣ್ಣಿನ ದಾರಿ, ಸಣ್ಣ ಕಲ್ಲು, ಸ್ವಲ್ಪ ವೇಗ, ಎಲ್ಲದಕ್ಕೂ ಸೈ. ಹಲಗೆಗೆ ಉಪ್ಪುಕಾಗದ ಅಂಟಿಸಿ, ಗಾಡಿಯನ್ನು ಅಡ್ಡಲಾಗಿ ನಿಲ್ಲಿಸಿ, ಫೋನಿನ ಕೋನ ಅಳೆಯುವ ಆ್ಯಪ್ ಇಟ್ಟುಕೊಂಡು ಹಲಗೆ ಎತ್ತುತ್ತಾ ಹೋದೆ. ಸುಮಾರು 44 ಡಿಗ್ರಿಗೆ ಪಲ್ಟಿ. ಉಳಿದ ಮೂರಕ್ಕೂ ಇದೇ ಪರೀಕ್ಷೆ. ನಿಮ್ಮ ಬಾಡಿ, ಬ್ಯಾಟರಿ ಬೇರೆ ಇದ್ದರೆ ಅಂಕಿ ಬೇರೆ ಬರುತ್ತದೆ, ಮೇಲೆ ಕೆಳಗಿನ ಕ್ರಮ ಮಾತ್ರ ಬದಲಾಗಲಾರದು.

ಎರಡನೆಯದು ಉದ್ದದ ಶಾಕ್, ಮೆತ್ತನೆ ಸ್ಪ್ರಿಂಗ್. ಫೋಟೋದವರ ಸೆಟ್ಟಿಂಗ್ ಇದು. ದೊಡ್ಡ ಜೀಪಿನವರು 20 ಡಿಗ್ರಿ ರ‍್ಯಾಂಪಿನ ಮೇಲೆ ಒಂದು ಚಕ್ರ ಹತ್ತಿಸಿ, ಎಷ್ಟು ದೂರ ಹತ್ತಿತೋ ಅದನ್ನು ವೀಲ್‌ಬೇಸ್‌ನಿಂದ ಭಾಗಿಸಿ, 1000ದಿಂದ ಗುಣಿಸಿ ಅಂಕ ಕೊಡುತ್ತಾರಲ್ಲ, ಆ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಬಂಡೆಗೆ ತಂದರೆ ಕಥೆ ಬೇರೆ. ಹಲಗೆ ಪರೀಕ್ಷೆಯಲ್ಲಿ 38 ಡಿಗ್ರಿಗೇ ಮಗುಚಿತು. ಗಾಡಿ ಎತ್ತರ ನಿಲ್ಲುತ್ತದೆ, ಅದು ಒಂದು. ಸ್ವಲ್ಪ ಓರೆಯಾದರೆ ಸಾಕು, ಕೆಳಬದಿಯ ಸ್ಪ್ರಿಂಗ್ ಕುಗ್ಗಿ ಮೇಲ್ಬದಿಯದು ಹಿಗ್ಗಿ ಬಾಡಿ ಇನ್ನಷ್ಟು ವಾಲುತ್ತದೆ, ಅದು ಇನ್ನೊಂದು. ಥ್ರಾಟಲ್ ಕೊಟ್ಟಾಗಲೂ ಬಾಡಿ ಒಂದು ಬದಿಗೆ ತಿರುಚುತ್ತದೆ, ಏಕೆಂದರೆ ಡ್ರೈವ್‌ಶಾಫ್ಟ್ (ಮೋಟಾರಿನ ಬಲವನ್ನು ಆಕ್ಸಲ್‌ಗೆ ಒಯ್ಯುವ ಕಡ್ಡಿ) ತಿರುಗುವ ಬಲಕ್ಕೆ ಚಾಸಿ ಎದುರು ತಿರುಗುತ್ತದೆ. ಟಿಆರ್‌ಎಕ್ಸ್-4ರಲ್ಲಿ ಪೋರ್ಟಲ್ ಆಕ್ಸಲ್ ಇದೆ. ಕೊನೆಯ ಗೇರ್ ಚಕ್ರದ ಹತ್ತಿರವೇ ಇರುವುದರಿಂದ ಶಾಫ್ಟ್ ಮೇಲೆ ಬೀಳುವ ಬಲ ಕಡಿಮೆ, ತಿರುಚೂ ಕಡಿಮೆ. ಆದರೂ ಮೆತ್ತನೆ ಸ್ಪ್ರಿಂಗ್ ಹಾಕಿದ ಮೇಲೆ ಅದು ಕಣ್ಣಿಗೆ ಕಾಣತೊಡಗಿತು. ಜೊತೆಗೆ ಆಕ್ಸಲ್ ತೀರಾ ಕೆಳಗಿಳಿದಾಗ ಡ್ರೈವ್‌ಶಾಫ್ಟ್‌ನ ಎರಡು ತುಂಡು ಒಂದರೊಳಗಿಂದ ಒಂದು ಕಳಚುವಷ್ಟು ಎಳೆದುಕೊಳ್ಳುತ್ತದೆ. ಉದ್ದದ ಶಾಕ್ ಹಾಕುವವರು ಅದನ್ನು ಮೊದಲು ನೋಡಿಕೊಳ್ಳಬೇಕು.

ಈಗ ಆ ಲಾಕ್ ವಿಷಯ. ಲಾಕ್ ಇಲ್ಲದ ನಿಜವಾದ ಜೀಪಿನಲ್ಲಿ ಒಂದು ಚಕ್ರ ಗಾಳಿಗೆ ಎದ್ದರೆ ಅದೊಂದೇ ಗರಗರ ತಿರುಗುತ್ತದೆ, ನೆಲದಲ್ಲಿರುವ ಚಕ್ರಕ್ಕೆ ಬಲ ಹೋಗುವುದಿಲ್ಲ. ಅಲ್ಲಿ ಪ್ರತಿ ಚಕ್ರವೂ ನೆಲ ಮುಟ್ಟಲೇಬೇಕು, ಟ್ರಾವೆಲ್‌ಗೆ ಬೆಲೆ ಇದೆ. ಲಾಕ್ ಹಾಕಿದ ಕ್ರಾಲರ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೂ ಅದರ ಜೋಡಿ ಚಕ್ರ ತಳ್ಳುತ್ತಲೇ ಇರುತ್ತದೆ. ಅಂದಮೇಲೆ ಚಕ್ರ ನೆಲ ಮುಟ್ಟಿಸುವುದಕ್ಕೋಸ್ಕರ ಗಾಡಿಯನ್ನು ಎತ್ತರಿಸಿ ಮೆತ್ತಗೆ ಮಾಡಿ ಏನು ಸಿಕ್ಕಿತು? ಒಣ ಗ್ರಾನೈಟ್ ಮೇಲೆ ಏನೂ ಸಿಗಲಿಲ್ಲ.

ಮೂರನೆಯದು ಇದಕ್ಕೆ ಪೂರ್ತಿ ಉಲ್ಟಾ: ಫುಲ್ ಡ್ರೂಪ್. ಹೊರಗಿನ ಸ್ಪ್ರಿಂಗ್ ತೆಗೆದುಹಾಕಿ, ಶಾಕ್ ಒಳಗೆ ಪಿಸ್ಟನ್ ಕೆಳಗೆ ಸಣ್ಣ ಸ್ಪ್ರಿಂಗ್ ಹಾಕುವುದು. ಬಾಲ್ ಪೆನ್ನಿನ ರಿಫಿಲ್ ಸ್ಪ್ರಿಂಗ್ ಇದಕ್ಕೆ ಸಾಕು. ಗಾಡಿ ಪೂರ್ತಿ ಕುಳಿತುಬಿಡುತ್ತದೆ, ಚಕ್ರ ಕೆಳಕ್ಕೆ ಮಾತ್ರ ಇಳಿಯಬಲ್ಲದು. ಹಲಗೆಯ ಮೇಲೆ 51 ಡಿಗ್ರಿವರೆಗೂ ನಿಂತಿತು! ಹತ್ತುವಾಗ ಹಿಂಭಾಗ ಕುಸಿಯುವುದಿಲ್ಲ, ಇಳಿಯುವಾಗ ಮೂತಿ ಮುಗ್ಗರಿಸುವುದಿಲ್ಲ, ಎರಡೂ ಮೊದಲೇ ಕುಳಿತಿವೆಯಲ್ಲ.

ಹಾಗಾದರೆ ಇದನ್ನೇ ಇಟ್ಟುಕೊಳ್ಳಬಹುದಿತ್ತು ಅಲ್ವಾ? ಇಟ್ಟುಕೊಳ್ಳಲಿಲ್ಲ. ಹೊಟ್ಟೆ ಕೆಳಗಾದ್ದರಿಂದ ಬಂಡೆಯ ಚೂಪು ಏಣು ದಾಟುವಾಗ ಗಾಡಿ ನಡುವಿಗೇ ಸಿಕ್ಕಿಹಾಕಿಕೊಂಡು ನಾಲ್ಕೂ ಚಕ್ರ ಸುಮ್ನೆ ತಿರುಗುತ್ತವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಬಾಡಿಗೆ ಉಜ್ಜುತ್ತದೆ. ಬಂಡೆಯಿಂದ ಬಂಡೆಗೆ ಹೋಗುವ ಜಲ್ಲಿ ದಾರಿಯಲ್ಲಂತೂ ಸ್ಪ್ರಿಂಗೇ ಇಲ್ಲದ ಎತ್ತಿನಗಾಡಿ. ನೋಡುವುದಕ್ಕೇ ಹಿಂಸೆ. ಗೇಟ್ ಕಟ್ಟಿ ಪಾಯಿಂಟ್ ಎಣಿಸುವ ಸ್ಪರ್ಧೆಗೆ ಓಡಿಸುವವರಿಗೆ ಇದು ಸರಿಹೋಗಬಹುದು, ನನಗೆ ದಾರಿಯೂ ಬೇಕು.

ಕೊನೆಗೆ ನಿಂತದ್ದು ನಾಲ್ಕನೆಯದು, ಅರ್ಧ ಡ್ರೂಪ್. ಹಳೇ 90 ಮಿ.ಮೀ. ಶಾಕ್, ನಾಲ್ಕಕ್ಕೂ ಮೆತ್ತನೆ ಸ್ಪ್ರಿಂಗ್, ಸ್ಪ್ರಿಂಗ್ ಬಿಗಿ ಮಾಡುವ ಕಾಲರ್ ಪೂರ್ತಿ ಸಡಿಲ. ನಿಂತಾಗ ಶಾಕ್ 74ಕ್ಕೆ ಬಂತು. ಮುಂದಿನ ಶಾಕ್‌ಗಳ ಒಳಗೆ, ಪಿಸ್ಟನ್ ಕೆಳಗೆ, ಶಾಕ್‌ನದೇ ಶಾಫ್ಟ್ (ಒಳಗೆ ಹೊರಗೆ ಜಾರುವ ಕಡ್ಡಿ) ಸುತ್ತ 5 ಮಿ.ಮೀ. ಉದ್ದದ ಪೈಪ್ ತುಂಡು. ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಸ ಗ್ಲೂಕೋಸ್ ಡ್ರಿಪ್ ಸೆಟ್‌ನಿಂದ ಕತ್ತರಿಸಿದ್ದು. ಒಂದು ಸೆಟ್ ತಂದರೆ ಊರಿನ ಕ್ರಾಲರ್‌ಗಳಿಗೆಲ್ಲ ಆಗುವಷ್ಟು ಪೈಪ್ ಇರುತ್ತದೆ. ಇದರಿಂದ ಮುಂದಿನ ಶಾಕ್ 85ಕ್ಕಿಂತ ಉದ್ದ ಹಿಗ್ಗುವುದಿಲ್ಲ. ಹಿಂದಿನ ಶಾಕ್‌ಗಳಿಗೆ ಅದೇ ಪೈಪಿನ 4 ಮಿ.ಮೀ. ತುಂಡು, ಆದರೆ ಹೊರಗಡೆ, ಶಾಫ್ಟ್‌ನ ಬುಡದಲ್ಲಿ. ಅದರಿಂದ ಹಿಂದಿನದು 70ಕ್ಕಿಂತ ಕುಗ್ಗುವುದಿಲ್ಲ. ಪೈಪನ್ನು ಸೀಳಿ ಹಾಕಿದರೆ ಶಾಕ್ ಬಿಚ್ಚುವ ಕೆಲಸವೂ ಇಲ್ಲ.

ಇದರ ಗುಟ್ಟು ಕಡಿದಾದ ಮೆಟ್ಟಿಲಲ್ಲಿ ತಿಳಿಯುತ್ತದೆ. ಮುಂಚಕ್ರ ಕಲ್ಲಿನ ಅಂಚು ಹಿಡಿದ ಕೂಡಲೇ ತೂಕ ಹಿಂದಕ್ಕೆ ಹೋಗುತ್ತದೆ. ಕಂಪನಿ ಸೆಟ್ಟಿಂಗ್‌ನಲ್ಲಿ ಆಗ ಹಿಂಭಾಗ ಕುಸಿದು, ಮುಂಭಾಗ ಮೇಲೆದ್ದು, ಮೂತಿ ಆಕಾಶ ನೋಡುತ್ತಿತ್ತು. ಈಗ ಹಿಂದಿನ ಶಾಕ್ ಪೈಪ್ ತುಂಡಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಮುಂದಿನದು ಹಿಗ್ಗಲು ಹೋಗಿ ಒಳಗಿನ ಪೈಪಿಗೆ ತಾಗಿ, ಆಕ್ಸಲ್ ಭಾರವನ್ನೇ ಹಿಡಿದು ಬಾಡಿಯನ್ನು ಕೆಳಗೆ ಎಳೆದಿಡುತ್ತದೆ. ಹಲಗೆಯ ಮೇಲೆ 48 ಡಿಗ್ರಿ. ಫುಲ್ ಡ್ರೂಪ್‌ಗಿಂತ ಮೂರು ಕಡಿಮೆ, ಆದರೆ ಹೊಟ್ಟೆ ಸಿಕ್ಕಿಕೊಳ್ಳುವುದು ಅಪರೂಪ, ದಾರಿಯಲ್ಲೂ ಗಾಡಿ ಗಾಡಿಯ ಥರ ಹೋಗುತ್ತದೆ. ಶಾಕ್ ಒಳಗಿನ ಎಣ್ಣೆ ಮುಂದೆ 30, ಹಿಂದೆ 40 ವೇಟ್ ಹಾಕಿದ್ದೇನೆ (ಅಂಕಿ ಹೆಚ್ಚಾದಷ್ಟೂ ಎಣ್ಣೆ ಮಂದ). ಅಂದಹಾಗೆ ಮೇಲಿನ ಅಲಂಕಾರದ ಕ್ಯಾರಿಯರ್, ಅದರ ಮೇಲಿನ ಪುಟ್ಟ ಡಬ್ಬಿ ಎಲ್ಲ ತೆಗೆದಿಟ್ಟೇ ಅಳೆದದ್ದು. ಅವನ್ನು ಹೊರಿಸಿದರೆ ಮೇಲಿನ ಲೆಕ್ಕವೆಲ್ಲ ಕೆಳಗಿಳಿಯುತ್ತದೆ.

ಒಂದು ಜಾಗದಲ್ಲಿ ಮಾತ್ರ ನನ್ನ ತೀರ್ಪು ಬದಲಾಗುತ್ತದೆ. ಸಕಲೇಶಪುರ ಕಡೆಯ ಹಳ್ಳಗಳಲ್ಲಿ ಪಾಚಿ ಕಟ್ಟಿದ ಗುಂಡುಕಲ್ಲು. ಅಲ್ಲಿ ಟೈರ್ ಕಚ್ಚುವುದೇ ಇಲ್ಲ, ಗಾಡಿ ಉರುಳುವ ಮೊದಲೇ ಜಾರಿರುತ್ತದೆ. ನಾಲ್ಕೂ ಚಕ್ರ ಕಲ್ಲಿನ ಮೇಲೆ ಒಂದಿಷ್ಟು ಭಾರ ಹಾಕಿ ನಿಂತರೆ ಮಾತ್ರ ಮುಂದಕ್ಕೆ ಹೆಜ್ಜೆ. ಅಲ್ಲಿ ಉದ್ದದ ಶಾಕ್ ಇದ್ದ ಗಾಡಿಯೇ ಮುಂದೆ ಹೋಯಿತು, ನನ್ನ ಅರ್ಧ ಡ್ರೂಪ್‌ನ ಹಿಂಚಕ್ರಗಳು ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತಿದ್ದವು. ಅಲ್ಲಿಗೆ ಹೋಗುವಾಗ ಹಿಂದಿನ ಪೈಪ್ ತುಂಡು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. 4ರ ಬದಲು 2 ಮಿ.ಮೀ. ತುಂಡು ಹಾಕಿದರೆ ಎರಡೂ ಕಡೆಗೆ ಆಗಬಹುದೇನೋ, ಈ ಮಳೆಗಾಲದಲ್ಲಿ ಅದನ್ನು ನೋಡಬೇಕು.