ಜೂನ್ 30ರಂದು ಮಾತ್ರ ರುಚಿಸುವ ತಿಂಡಿ

ಹಾಲುಬಾಯಿ ತಿರುವಿ ತಿರುವಿ ತೋಳು ನೋಯಿಸಿಕೊಂಡವಳು ನಾನು. ಜಪಾನಿನ ಕ್ಯೋಟೊದಲ್ಲಿರುವ ಮಗಳು "ಅಮ್ಮ, ಇವತ್ತು ಜೂನ್ 30, ಮಿನಾಜುಕಿ ತಿನ್ನಲೇಬೇಕು" ಅಂದಾಗ, ಅಕ್ಕಿ ಹಿಟ್ಟಿನ ಸಿಹಿ ತಾನೇ ಅಂತ ಮೂಗು ಮುರಿದುಕೊಂಡೇ ಹೊರಟೆ.

ಅಂಗಡಿ ಕಿತಾನೊ ತೆನ್ಮಾಂಗು ದೇಗುಲದ ಹತ್ತಿರ. ಒಳಗೆ ಮೂವರು ನಿಂತರೆ ನಾಲ್ಕನೆಯವರು ಬೀದಿಯಲ್ಲಿ. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ಕಾದೆವು. ಬಿಳಿಯದು 260 ಯೆನ್, ಮಾಚಾ ಎಂಬ ಹಸಿರು ಚಹಾಪುಡಿ ಬೆರೆಸಿದ್ದು 290. ಕಾರ್ಡ್ ನಡೆಯುವುದಿಲ್ಲ ಅಂತ ಗಲ್ಲಾದ ಮುಂದೆ ನಿಂತ ಮೇಲೆ ಗೊತ್ತಾಯಿತು. ಬಾಗಿಲಲ್ಲೇ ಬರೆದು ಹಾಕಬಾರದೇ? ಮಗಳು ಎಟಿಎಂ ಹುಡುಕಿಕೊಂಡು ಓಡಿದಳು.

ತಿಂಡಿ ತ್ರಿಕೋನದ ತುಂಡು. ಕೆಳಗೆ ಬೆಳ್ಳಗೆ ಬಳುಕುವ ಹಿಟ್ಟು, ಅದಕ್ಕೆ ಉಯಿರೊ ಅನ್ನುತ್ತಾರೆ. ಮೇಲೆ ಕೆಂಪು ಅಜುಕಿ ಕಾಳಿನ ಪದರ. ಕಾಯಿಹಾಲಿಲ್ಲ, ಏಲಕ್ಕಿಯಿಲ್ಲ, ತುಪ್ಪದ ಮಾತೇ ಬೇಡ. ಹಿಟ್ಟು, ಸಕ್ಕರೆ, ನೀರು ಕದಡಿ ಹಬೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಕಾಳು ಹರಡಿ, ಉಳಿಸಿಕೊಂಡ ಹಿಟ್ಟು ಸುರಿದು ಮತ್ತೆ ಬೇಯಿಸುತ್ತಾರೆ. ಮೊದಲ ತುತ್ತು ಸಪ್ಪೆ ಅನ್ನಿಸಿತು. ಎರಡನೆಯದರಲ್ಲಿ ಕಾಳು ಸಿಕ್ಕಿತು ನೋಡಿ, ಒಡೆಯದೆ ಮೆತ್ತಗೆ ಬೆಂದದ್ದು. ಆ ಹದ ನನ್ನ ಕೈಗೆ ಇನ್ನೂ ಬಂದಿಲ್ಲ, ಒಪ್ಪಿಕೊಳ್ಳುತ್ತೇನೆ.

ತ್ರಿಕೋನ ಅಂದರೆ ಮಂಜುಗಡ್ಡೆಯ ಚೂರಂತೆ. ಹಿಂದೆ ಚಳಿಗಾಲದ ಮಂಜುಗಡ್ಡೆಯನ್ನು ಹಿಮುರೊ ಎಂಬ ಉಗ್ರಾಣಗಳಲ್ಲಿ ಕಾಪಿಟ್ಟು, ಹಳೆಯ ಪಂಚಾಂಗದ ಆರನೇ ತಿಂಗಳಲ್ಲಿ ಅರಮನೆಯವರು ತಿನ್ನುತ್ತಿದ್ದರು. ಆ ತಿಂಗಳ ಹೆಸರೇ ಮಿನಾಜುಕಿ. ಬಡವರಿಗೆ ಮಂಜುಗಡ್ಡೆ ಎಲ್ಲಿಂದ ಬರಬೇಕು? ಹಿಟ್ಟಿನಲ್ಲೇ ಅದನ್ನು ಕತ್ತರಿಸಿಕೊಂಡರು. ಕೆಂಪು ಕಾಳು ಕೆಡುಕನ್ನು ಓಡಿಸುತ್ತದೆ ಅಂತ ನಂಬಿಕೆ. ಹಾಗಾಗಿ ಬಿಳಿಯದನ್ನೇ ಕೊಳ್ಳಿ. ಹಸಿರು ಮಂಜುಗಡ್ಡೆ ಎಲ್ಲಾದರೂ ಉಂಟೇ? ಮಾಚಾದ ಕಹಿಯಲ್ಲಿ ಕಾಳಿನ ರುಚಿಯೂ ಮುಳುಗಿಹೋಗುತ್ತದೆ.

ಇನ್ನೊಂದು ಮಾತು, ಮೊದಲು ದೇಗುಲಕ್ಕೆ ಹೋಗಿ ಬನ್ನಿ. ಅವತ್ತು ನಾಗೋಶಿ ನೊ ಹರಾಯೆ, ಅರ್ಧ ವರ್ಷದ ಕೊಳೆ ಕಳೆದುಕೊಳ್ಳುವ ದಿನ. ಹುಲ್ಲು ಹೆಣೆದ ದೊಡ್ಡ ಬಳೆಯೊಳಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೆ ಸುತ್ತಿ ನುಸುಳುವುದು ಕ್ರಮ. ಕಾಗದದ ಗೊಂಬೆಯ ಮೇಲೆ ಹೆಸರು, ವಯಸ್ಸು ಬರೆದು, ಮೈಗೆ ಸವರಿ, ಉಸಿರು ಊದಿ ಒಪ್ಪಿಸುತ್ತಾರೆ. ನಾವು ದೃಷ್ಟಿ ನಿವಾಳಿಸುವುದಿಲ್ಲವೇ, ಹಾಗೇ. ಮಂಡಿನೋವಿಗೆ ಅಂತ ನಾನು ಎರಡೂ ಮಂಡಿಗೆ ಚೆನ್ನಾಗಿ ಸವರಿದೆ. ಅದಾದ ಮೇಲೆ ತಿಂದಾಗ ಆ ಸಪ್ಪೆಯೂ ಹಿತವೆನಿಸಿತು.

ನಾಲ್ಕು ತಂದಿದ್ದೆವು. ಉಳಿದ ಎರಡನ್ನು ನಾನು ಫ್ರಿಜ್ಜಿಗಿಟ್ಟೆ. ಮಾರನೇ ದಿನ ನೋಡಿದರೆ ಪೆನ್ಸಿಲ್ ಅಳಿಸುವ ರಬ್ಬರು! ಅವತ್ತೇ ತಿನ್ನಿ ಅಂತ ಪೊಟ್ಟಣದ ಮೇಲೆ ಜಪಾನಿಯಲ್ಲಿ ಬರೆದಿತ್ತಂತೆ. ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ, ಮೆತ್ತಗಾಯಿತು. ಅಳಿಯಂದಿರು ಮೇಲೊಂದು ಚಮಚ ತುಪ್ಪ ಹಾಕಿಸಿಕೊಂಡರು.