ಒಂದು ಬೇ, ಮೂರು ಬೇ, ಏಳು ಅಂಕ: ಬೇಬ್ಲೇಡ್ ಎಕ್ಸ್ ಪಂದ್ಯ ಮಾದರಿಗಳ ಹೋಲಿಕೆ

ಬೇಬ್ಲೇಡ್ ಎಕ್ಸ್ ಎಂಬ ಆಟಿಕೆ ಬುಗುರಿಗಳ ಕಾಳಗ ಆಡುವವರು ಸೇರಿದಲ್ಲೆಲ್ಲ ಯಾವ ಬೇ, ಅಂದರೆ ಯಾವ ಬುಗುರಿ, ಉತ್ತಮ ಎಂಬ ಚರ್ಚೆ ನಡೆಯುತ್ತದೆ. ಯಾವ ಮಾದರಿಯ ಪಂದ್ಯ ಉತ್ತಮ ಎಂದು ಕೇಳುವವರು ಕಡಿಮೆ. ಒಂದು ಮಾದರಿಯಲ್ಲಿ ಸೋಲನ್ನೇ ಕಾಣದ ಬೇ ಇನ್ನೊಂದರಲ್ಲಿ ತೀರ ಸಾಧಾರಣವಾಗಿ ಕಾಣುವುದನ್ನು ನೋಡಿದ ಮೇಲೆ, ಮೊದಲು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನೇ ಎಂದು ನನಗೆ ಮನವರಿಕೆಯಾಗಿದೆ. ಬೆಂಗಳೂರಿನಲ್ಲಿ ನಾವು ಕೆಲವು ಗೆಳೆಯರು ಮಕ್ಕಳೊಂದಿಗೆ ಸೇರಿ ನಡೆಸುವ ಸಣ್ಣ ಪಂದ್ಯಾವಳಿಯಲ್ಲಿ ಮೊದಲು ಒಬ್ಬರಿಗೆ ಒಂದೇ ಬೇ ಎಂಬ ನಿಯಮವಿತ್ತು. ಆಮೇಲೆ ಮೂರು ಬೇಗಳ ಡೆಕ್ ಇಟ್ಟುಕೊಂಡು ನಾಲ್ಕು ಅಂಕಕ್ಕೆ ಆಡುವುದು ರೂಢಿಯಾಯಿತು. ಈ ಸಲ ಉಪಾಂತ್ಯದಿಂದ ಮುಂದಕ್ಕೆ ಅದೇ ಡೆಕ್ಕಿನಲ್ಲಿ ಏಳು ಅಂಕಕ್ಕೆ ಆಡಿ ನೋಡಿದೆವು.

ಜಪಾನಿನ ಟಕಾರಾ ಟೋಮಿ ಸಂಸ್ಥೆ 2023ರ ಜುಲೈನಲ್ಲಿ ಹೊರತಂದ ಈ ಸರಣಿಯ ಅಂಕಪದ್ಧತಿಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮೂರು ಮಾದರಿಗಳ ವ್ಯತ್ಯಾಸವೆಲ್ಲ ಆ ಲೆಕ್ಕದಲ್ಲಿಯೇ ಅಡಗಿದೆ. ಎದುರಾಳಿಯ ಬೇ ಮೊದಲು ತಿರುಗುವುದನ್ನು ನಿಲ್ಲಿಸಿದರೆ ಸ್ಪಿನ್ ಫಿನಿಶ್, 1 ಅಂಕ. ಅದು ಸ್ಟೇಡಿಯಂನ, ಅಂದರೆ ಬೇಗಳು ಕಾದಾಡುವ ಕಣದ, ಬದಿಯ ಓವರ್ ಝೋನಿಗೆ ಬಿದ್ದರೆ ಅಥವಾ ಏಟಿಗೆ ಕಳಚಿಕೊಂಡರೆ 2 ಅಂಕ. ಎರಡು ಓವರ್ ಝೋನುಗಳ ನಡುವಿನ ಎಕ್ಸ್‌ಟ್ರೀಮ್ ಝೋನಿಗೆ ಬಿದ್ದರೆ 3 ಅಂಕ. ಸಾಮಾನ್ಯವಾಗಿ ಬೇಯಲ್ಲಿ ಮೇಲಿನ ಬ್ಲೇಡ್, ನಡುವಿನ ರ‍್ಯಾಚೆಟ್, ನೆಲ ತಾಗುವ ಬಿಟ್ ಎಂಬ ಮೂರು ಭಾಗಗಳಿರುತ್ತವೆ. ರ‍್ಯಾಚೆಟ್ಟಿನ ಹೆಸರು 3-60 ಎಂದಿದ್ದರೆ ಅದಕ್ಕೆ ಮೂರು ಚಾಚುಗಳಿವೆ, ಎತ್ತರ 6.0 ಮಿಲಿಮೀಟರ್ ಎಂದರ್ಥ. ಬಿಟ್ಟಿನ ಹಲ್ಲುಗಳು ಸ್ಟೇಡಿಯಂನ ಅಂಚಿನ ಹಳಿಗೆ ಕಚ್ಚಿಕೊಂಡಾಗ ಬೇ ಒಮ್ಮೆಲೇ ವೇಗ ಪಡೆದು ನುಗ್ಗುತ್ತದೆ. ಮೂರು ಅಂಕದ ಏಟುಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ.

ಒಂದು ಬೇಯ ಪಂದ್ಯದ ದೊಡ್ಡ ಗುಣ ಅದರ ಸರಳತೆ. ಆಟಗಾರ ಒಂದು ಬೇ ತೋರಿಸುತ್ತಾನೆ, ತೀರ್ಪುಗಾರ ಮೂರು ಭಾಗಗಳನ್ನು ಪರೀಕ್ಷಿಸುತ್ತಾನೆ, ನಾಲ್ಕು ಅಂಕ ಮೊದಲು ಗಳಿಸಿದವನು ಗೆಲ್ಲುತ್ತಾನೆ. ಬುಗುರಿಗೆ ಚಾಟಿ ಎಷ್ಟು ಬಿಗಿಯಾಗಿ ಸುತ್ತಿದ್ದೇವೆ ಎಂಬುದರ ಮೇಲೆ ಆಟ ನಿಲ್ಲುವಂತೆ, ಇಲ್ಲಿ ಬೇಯನ್ನು ತಿರುಗಿಸಿ ಬಿಡುವ ಲಾಂಚರನ್ನು ಹಿಡಿದ ಕೋನವೂ ಎಳೆಯುವ ಬಿರುಸೂ ಫಲಿತಾಂಶವನ್ನು ನೇರವಾಗಿ ನಿರ್ಧರಿಸುತ್ತವೆ, ಮತ್ತು ಹೊಸಬನಿಗೆ ತನ್ನ ಕೈ ಎಲ್ಲಿ ಸಾಲದು ಎಂಬುದು ಬೇಗ ತಿಳಿಯುತ್ತದೆ. ಆದರೆ ಅನುಭವಿಗಳ ನಡುವೆ ಈ ಮಾದರಿ ಬೇಗನೆ ಬರಡಾಗುತ್ತದೆ. ಹೊರ ಅಂಚಿಗೆ ಭಾರ ಹಂಚಿದ, ದುಂಡನೆಯ ವಿಝಾರ್ಡ್ ರಾಡ್ ಬ್ಲೇಡ್ ಬಂದಮೇಲೆ ನಮ್ಮಲ್ಲಿ ಬಹುತೇಕ ಎಲ್ಲರೂ ಅದನ್ನೇ ತಂದರು. ಎರಡು ವಿಝಾರ್ಡ್ ರಾಡ್‌ಗಳು ಸ್ಟೇಡಿಯಂನ ನಡುವೆ ಒಂದನ್ನೊಂದು ಸವರಿಕೊಂಡು ತಿರುಗುತ್ತ, ಕೊನೆಗೆ ಒಂದು ವಾಲಿ ಬೀಳುವವರೆಗೆ ಎಲ್ಲರೂ ಕಾಯುತ್ತ, ಒಂದೊಂದೇ ಅಂಕ ಸೇರಿಸುವ ಪಂದ್ಯಗಳನ್ನು ನಾನು ಬೇಕಾದಷ್ಟು ಆಡಿದ್ದೇನೆ. ಅಲ್ಲಿ ಗೆಲ್ಲುವುದು ತಾಳಿಕೆ. ಆಲೋಚನೆಗೆ ಹೆಚ್ಚು ಕೆಲಸವಿಲ್ಲ.

ಮೂರು ಬೇಗಳ ಡೆಕ್ಕಿನಲ್ಲಿ ಪರಿಸ್ಥಿತಿ ಬದಲಾಗುವುದಕ್ಕೆ ಮುಖ್ಯ ಕಾರಣ, ಒಂದೇ ಭಾಗವನ್ನು ಡೆಕ್ಕಿನೊಳಗೆ ಎರಡು ಸಲ ಬಳಸುವಂತಿಲ್ಲ ಎಂಬ ನಿಯಮ. ವಿಝಾರ್ಡ್ ರಾಡ್ ಒಂದು ಕಡೆ ಕೂತಿತು ಎಂದರೆ ಉಳಿದ ಎರಡಕ್ಕೆ ಬೇರೆ ಬ್ಲೇಡ್ ಹುಡುಕಲೇಬೇಕು. 9-60 ರ‍್ಯಾಚೆಟ್ ಮೂರಕ್ಕೂ ಬೇಕೆನ್ನಿಸಿದರೂ ಒಂದಕ್ಕೇ ಕೊಡಬೇಕು. ನನ್ನ ಡೆಕ್ಕಿನಲ್ಲಿ 9-60 ಮತ್ತು ಬಾಲ್ ಬಿಟ್ ವಿಝಾರ್ಡ್ ರಾಡ್‌ಗೆ ಹೋದವು. ದಾಳಿಗೆಂದು ಶಾರ್ಕ್ ಎಡ್ಜ್ 3-60 ಲೋ ಫ್ಲಾಟ್ ಇಟ್ಟುಕೊಂಡೆ. ಮೂರನೆಯದಾಗಿ ಎಡಕ್ಕೆ ತಿರುಗುವ ಕೋಬಾಲ್ಟ್ ಡ್ರಗೂನ್ 2-60 ಸೈಕ್ಲೋನ್ ಆರಿಸಿದೆ. ಎರಡು ಬೇಗಳು ವಿರುದ್ಧ ದಿಕ್ಕಿನಲ್ಲಿ ತಿರುಗುವಾಗ ತಾಗುವ ಅಂಚುಗಳು ಒಂದೇ ದಿಕ್ಕಿಗೆ ಚಲಿಸುತ್ತಿರುತ್ತವೆ, ಆದ್ದರಿಂದ ವೇಗ ಹೆಚ್ಚಿರುವ ಬೇಯಿಂದ ಕಡಿಮೆ ಇರುವ ಬೇಗೆ ತಿರುಗುವ ಬಲ ದಾಟುತ್ತದೆ. ತಾಳಿಕೆಯ ಬೇಗಳ ಎದುರು ಕೊನೆಯ ಕ್ಷಣದವರೆಗೆ ಉಳಿಯಲು ಇದು ಬಹಳ ನೆರವಾಗುತ್ತದೆ. ಇದೆಲ್ಲದರ ಮೇಲೆ, ಪ್ರತಿ ಬ್ಯಾಟಲ್‌ಗೆ (ಪಂದ್ಯದೊಳಗಿನ ಒಂದೊಂದು ಕಾಳಗಕ್ಕೆ) ಒಂದೊಂದು ಬೇ ಸರದಿಯಾಗಿ ಇಳಿಯುವುದರಿಂದ, ಯಾವ ಬೇ ಯಾವ ಸ್ಥಾನದಲ್ಲಿ ಬರುತ್ತದೆ ಎಂಬುದನ್ನು ಎದುರಾಳಿಗೆ ಕಾಣದಂತೆ ಮೊದಲೇ ಗೊತ್ತುಮಾಡಬೇಕು. ಹೀಗೆ ಲಾಂಚರ್ ಎಳೆಯುವ ಮೊದಲೇ ಪಂದ್ಯ ಶುರುವಾಗಿರುತ್ತದೆ, ಮತ್ತು ಈ ಮಾದರಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಭಾಗವೇ.

ಆದರೂ ನಾಲ್ಕು ಅಂಕದ ಗುರಿಯಲ್ಲಿ ಒಂದು ಕೊರತೆ ಉಳಿಯುತ್ತದೆ. ಒಂದು ಎಕ್ಸ್‌ಟ್ರೀಮ್ ಫಿನಿಶ್, ಅದರ ಹಿಂದೆ ಒಂದು ಸ್ಪಿನ್ ಫಿನಿಶ್ ಬಂದರೆ ನಾಲ್ಕು ಅಂಕ ತುಂಬಿತು; ಅಷ್ಟು ಯೋಚಿಸಿ ಸಜ್ಜುಗೊಳಿಸಿದ ಮೂರನೆಯ ಬೇ ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ನಮ್ಮಲ್ಲಿ ಇದು ಆಗಾಗ ನಡೆದು, ಹಲವರು ಎರಡು ಬೇಗಳನ್ನು ಶ್ರದ್ಧೆಯಿಂದ ಕಟ್ಟಿ ಮೂರನೆಯದನ್ನು ಲೆಕ್ಕಕ್ಕೆಂದು ಸೇರಿಸತೊಡಗಿದರು. ಏಳು ಅಂಕದ ಗುರಿ ಇದನ್ನು ಲೆಕ್ಕದಿಂದಲೇ ತಡೆಯುತ್ತದೆ: ಒಂದು ಬ್ಯಾಟಲ್‌ಗೆ ಗರಿಷ್ಠ ಮೂರು ಅಂಕವಾದ್ದರಿಂದ ಎರಡು ಬ್ಯಾಟಲ್‌ಗಳಲ್ಲಿ ಆರಕ್ಕಿಂತ ಹೆಚ್ಚು ಬರುವುದಿಲ್ಲ, ಮೂರನೆಯ ಬೇ ಕಣಕ್ಕಿಳಿಯಲೇಬೇಕು.

ಉಪಾಂತ್ಯದಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬನೊಂದಿಗೆ ಆಡಿದ ಪಂದ್ಯದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಮೊದಲ ಬ್ಯಾಟಲ್‌ನಲ್ಲಿ ನನ್ನ ಶಾರ್ಕ್ ಎಡ್ಜ್ ಹಳಿ ಹಿಡಿದು ಬಂದು ಅವನ ವಿಝಾರ್ಡ್ ರಾಡನ್ನು ಎಕ್ಸ್‌ಟ್ರೀಮ್ ಝೋನಿಗೆ ತಳ್ಳಿತು, 3-0. ಎರಡನೆಯದರಲ್ಲಿ ಅವನ ಫೀನಿಕ್ಸ್ ವಿಂಗ್ ನನ್ನ ವಿಝಾರ್ಡ್ ರಾಡನ್ನು ಬದಿಗೆ ಬೀಳಿಸಿತು, 3-2. ಮೂರನೆಯದರಲ್ಲಿ ಕೋಬಾಲ್ಟ್ ಡ್ರಗೂನ್ ಅವನ ನೈಟ್ ಶೀಲ್ಡ್‌ಗಿಂತ ಹೆಚ್ಚು ಹೊತ್ತು ನಿಂತು 4-2 ಆಯಿತು. ಹಳೆಯ ಗುರಿಯಾಗಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಏಳರ ಗುರಿ ಇದ್ದುದರಿಂದ ಇಬ್ಬರೂ ತಿರುಗಿ ನಿಂತು ಕ್ರಮವನ್ನು ಹೊಸದಾಗಿ ಜೋಡಿಸಿದೆವು. ನಾನು ಗೆದ್ದ ಬೇಯನ್ನೇ ಮತ್ತೆ ಮುಂದಿಡುತ್ತೇನೆ ಎಂದು ಸರಿಯಾಗಿ ಊಹಿಸಿದ ಆ ಹುಡುಗ ಫೀನಿಕ್ಸ್ ವಿಂಗನ್ನು ಮೊದಲಿಗೆ ತಂದು ಶಾರ್ಕ್ ಎಡ್ಜನ್ನು ಎಕ್ಸ್‌ಟ್ರೀಮ್ ಝೋನಿಗೆ ಕಳಿಸಿದ, 4-5. ಆಮೇಲೆ ಎರಡು ವಿಝಾರ್ಡ್ ರಾಡ್‌ಗಳ ದೀರ್ಘ ಸುತ್ತಾಟದಲ್ಲಿ ನನಗೆ ಒಂದು ಅಂಕ ಬಂದು 5-5 ಆಯಿತು. ಕೊನೆಯಲ್ಲಿ ಡ್ರಗೂನಿನ ಏಟಿಗೆ ನೈಟ್ ಶೀಲ್ಡ್ ಕಳಚಿಕೊಂಡು 7-5ಕ್ಕೆ ಪಂದ್ಯ ನನ್ನದಾಯಿತು. ಅವನ ಆ ಮರುಜೋಡಣೆ ಇಡೀ ದಿನ ನಾನು ಕಂಡ ಅತ್ಯುತ್ತಮ ನಡೆ, ಮತ್ತು ನಾಲ್ಕು ಅಂಕದ ಪಂದ್ಯದಲ್ಲಿ ಅದಕ್ಕೆ ಅವಕಾಶವೇ ಸಿಗುತ್ತಿರಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಪ್ರತಿ ಆಟಗಾರನ ಮೂರರ ಬದಲು ಒಂಬತ್ತು ಭಾಗಗಳನ್ನು ಪರೀಕ್ಷಿಸಬೇಕು. ಎಡಕ್ಕೆ ತಿರುಗುವ ಬೇ ಇದ್ದವರು ನಡುವೆ ಲಾಂಚರ್ ಬದಲಿಸಬೇಕು. ಕ್ರಮ ಜೋಡಿಸಲು ಪ್ರತಿ ಸಲವೂ ಕಾಯಬೇಕು. ಒಂದೇ ಸ್ಟೇಡಿಯಂ ಇರುವಲ್ಲಿ ಮೊದಲ ಸುತ್ತಿನಿಂದಲೇ ಏಳು ಅಂಕ ಇಟ್ಟರೆ ಕತ್ತಲಾದರೂ ಮುಗಿಯದು. ಆದ್ದರಿಂದ ಆರಂಭದ ಸುತ್ತುಗಳಿಗೆ ಒಂದು ಬೇ, ನಾಕೌಟ್‌ಗೆ ಡೆಕ್ಕಿನೊಂದಿಗೆ ನಾಲ್ಕು ಅಂಕ, ಉಪಾಂತ್ಯ ಮತ್ತು ಅಂತಿಮಕ್ಕೆ ಏಳು ಅಂಕ ಎಂಬ ಹಂಚಿಕೆಯನ್ನೇ ನಾನು ಒತ್ತಾಯಿಸುತ್ತೇನೆ. ಇನ್ನೊಂದು ಮಾತನ್ನು ಆಯೋಜಕರು ಮರೆಯಬಾರದು: ಹುಟ್ಟುಹಬ್ಬಕ್ಕೆ ಸಿಕ್ಕ ಒಂದೇ ಒಂದು ಬೇ ಹಿಡಿದು ಬರುವ ಮಕ್ಕಳು ಆರಂಭದ ಸುತ್ತು ಗೆದ್ದರೂ ಡೆಕ್ ಇಲ್ಲವೆಂದು ನಾಕೌಟ್‌ನಲ್ಲಿ ಹೊರಗುಳಿಯುವ ಸಾಧ್ಯತೆಯಿದೆ. ಮುಂದಿನ ಸಲ ನಮ್ಮ ಬಳಿ ಹೆಚ್ಚುವರಿಯಾಗಿರುವ ಬ್ಲೇಡ್, ರ‍್ಯಾಚೆಟ್, ಬಿಟ್‌ಗಳನ್ನೆಲ್ಲ ಒಂದು ಮೇಜಿನ ಮೇಲಿಟ್ಟು, ಅಂಥ ಮಕ್ಕಳು ಉಳಿದೆರಡು ಬೇಗಳನ್ನು ಅಲ್ಲಿಯೇ ಕಟ್ಟಿಕೊಳ್ಳಲು ಬಿಡಬೇಕೆಂದು ಗೆಳೆಯರಿಗೆ ಹೇಳಿದ್ದೇನೆ. ನನ್ನ ಪಾಲಿನ ಭಾಗಗಳನ್ನು ಈಗಾಗಲೇ ಬೇರೆ ತೆಗೆದಿಟ್ಟಿದ್ದೇನೆ.