ನಿಂತ ಬಸ್ಸಿಗೆ 3,200 ರೂಪಾಯಿ: ಶಿರಸಿ ಕಡೆಯ ಒಂದು ಕಾಡುವಸತಿಯಲ್ಲಿ ಎರಡು ರಾತ್ರಿ

ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವ ನಾನು. ಅದರಲ್ಲಿ ಹನ್ನೊಂದು ವರ್ಷ ಶಿರಸಿ ಡಿಪೋದ ಹಾಲ್ಟಿಂಗ್ ಗಾಡಿಗಳಲ್ಲೇ ಹೋಯಿತು. ಸಂಜೆ ಹೊರಟು ಘಟ್ಟದ ಯಾವುದೋ ಕೊನೇ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಉದ್ದ ಸೀಟಿನ ಮೇಲೆ ಚಾದರ ಹೊದ್ದು ಮಲಗಿ, ಬೆಳಿಗ್ಗೆ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೊರಟವರನ್ನು ಹತ್ತಿಸಿಕೊಂಡು ಬರುವ ಕೆಲಸ. ಹಾಗೆ ಮಲಗಿದ್ದಕ್ಕೆ ರಾತ್ರಿ ಭತ್ಯೆ ಅಂತ ನಾಲ್ಕು ಕಾಸು ಸಿಗುತ್ತಿತ್ತು. ಕಳೆದ ಜೂನ್ ಕೊನೇ ವಾರ ಲೆಕ್ಕ ಉಲ್ಟಾ ಆಯಿತು. ರಾತ್ರಿಗೆ 3,200 ರೂಪಾಯಿ ನಾವೇ ಕೊಟ್ಟು ಬಸ್ಸಿನಲ್ಲಿ ಮಲಗಿ ಬಂದೆವು.

ಜಾಗದ ಹೆಸರು ಬರೆಯುವುದಿಲ್ಲ. ನಡೆಸುವವ ಸಣ್ಣ ಹುಡುಗ, ಸಾಲ ಮಾಡಿ ಶುರು ಮಾಡಿದ್ದಾನೆ, ತಿದ್ದಿಕೊಳ್ಳಲಿ. ಹುಲೇಕಲ್ ದಾಟಿ ಮುಂದೆ ಹೋಗಿ ಟಾರು ಬಿಟ್ಟರೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಆಮೇಲೆ ಒಂದು ಹಳ್ಳ. ಹಳ್ಳದ ಈಚೆ ಅವರ ಮನೆ, ಅಡಿಕೆ ತೋಟ. ಆಚೆ ಗುಡ್ಡದ ತಲೆಯ ಮೇಲೆ, ಮರಗಳ ನಡುವೆ, ಬಸ್ಸು. ಹರಾಜಿನಲ್ಲಿ ಹೋದ ಗುಜರಿ ಬಸ್ಸಿನ ಬಾಡಿಯನ್ನು ತಂದು ಎಂಜಿನ್ ತೆಗೆದು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಮಾಡಿಗೆ ಬಿಳಿ ಬಣ್ಣ, ಕೆಳಗೆ ಹಸಿರು, ಪಕ್ಕದಲ್ಲಿ ದೊಡ್ಡದಾಗಿ 142.

ಆ 142 ಏನು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಗೊತ್ತಿತ್ತು. ಕ್ರಿಸ್ ಮೆಕ್‌ಕ್ಯಾಂಡ್ಲೆಸ್ ಅಂತ ಅಮೆರಿಕದ ಒಬ್ಬ ಹುಡುಗ, ಅಲಾಸ್ಕದ ಕಾಡಿನಲ್ಲಿ ಒಬ್ಬನೇ ಇರಲು ಹೋಗಿ ಸತ್ತ ಬಸ್ಸಿನ ನಂಬರ್ ಅದು. ಇದು ಅದರ ನಕಲು. ಬುಕ್ ಮಾಡಿದ್ದೇ ಅದಕ್ಕೆ. ಇಪ್ಪತ್ತೈದು ವರ್ಷ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮೇ ತಿಂಗಳಲ್ಲಿ ಕೆಲಸ ಬಿಟ್ಟು ಬಂದು, ಇನ್ನು ಕಾಡಿನಲ್ಲೇ ಇರುತ್ತೇನೆ, ದುಡ್ಡಿನ ಸಹವಾಸ ಬೇಡ ಅನ್ನತೊಡಗಿದ. ತಂಗಿ ಫೋನಿನಲ್ಲಿ ಅತ್ತಳು. 'ಅಣ್ಣ, ಆ ಬಸ್ಸಿಗಾದರೂ ನೀನು ಜೊತೆಗೆ ಹೋಗು.' ಏಕಾಂತಕ್ಕೆ ಹೊರಟವನ ಬೆನ್ನಿಗೆ ಮಾವ. ಪಾಪ, ಬೇಡ ಅನ್ನಲಿಲ್ಲ.

ಮೊದಲು ಬಸ್ಸಿನ ವಿಚಾರ. ಅದರಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಫಸಿಲ್ ಬಾಡಿ. ಎಮರ್ಜೆನ್ಸಿ ಬಾಗಿಲಿನ ಹಿಡಿ ಸರಿಯಾಗಿದೆ, ಎಳೆದು ನೋಡಿದೆ. ಡ್ರೈವರ್ ಸೀಟು, ಸ್ಟೀರಿಂಗು ಹಾಗೇ ಬಿಟ್ಟಿದ್ದಾರೆ, ಮಕ್ಕಳಿಗೆ ಖುಷಿ. ಗಂಟೆಯ ಹಗ್ಗವೂ ಇದೆ. ಅಳಿಯ ಎರಡು ಸಲ ಜಗ್ಗಿದ, ನನ್ನ ಬಾಯಲ್ಲಿ ತನ್ನಷ್ಟಕ್ಕೆ 'ರೈಟ್' ಬಂತು. ಎಡಗಡೆ ಕಿಟಕಿಯ ಮೇಲೆ ಹಸಿರು ಬಣ್ಣದ ಅಡಿಯಿಂದ 'ಮಹಿಳೆಯರಿಗೆ' ಅನ್ನುವ ಅಕ್ಷರ ಈಗಲೂ ಇಣುಕುತ್ತದೆ. ಅದನ್ನು ಅಳಿಸಬೇಡಿ ಅಂತ ಹುಡುಗನಿಗೆ ಹೇಳಿದ್ದೇನೆ. ಹಾಸಿಗೆ ಎರಡು, ಒಳ್ಳೆಯ ಹತ್ತಿಯವು. ಆದರೆ ಮೇಲಿನ ಲಗೇಜ್ ಕ್ಯಾರಿಯರ್ ಬಿಚ್ಚಿದ್ದಾರಲ್ಲ, ಆ ರಿವೆಟ್ ತೂತುಗಳಿಗೆ ಎಂತದೋ ಮೆತ್ತಿ ಬಿಟ್ಟಿದ್ದಾರೆ. ಶಿರಸಿ ಮಳೆಗೆ ಅದು ಯಾವ ಮೂಲೆಗೆ ಸಾಕು? ಮೂಲೆಯಲ್ಲೊಂದು ಡ್ರಮ್ಮಿನ ಒಲೆ ಇಟ್ಟಿದ್ದಾರೆ, ಹೊಗೆ ಹೋಗಲು ಕೊಳವೆ ಇಲ್ಲ. ಬರೀ ಶೋ. ಕಿಟಕಿಯ ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಸುಂದರವಾಗಿ ಬರೆಸಿದ್ದಾರೆ, ಹಂಚಿಕೊಂಡರೆ ಮಾತ್ರ ಸುಖ ನಿಜವಂತೆ. ಮೂರನೆಯವರು ಬಂದರೆ ತಲೆಗೆ 900 ರೂಪಾಯಿ ಜಾಸ್ತಿ.

ಊಟಕ್ಕೆ ಮಾತ್ರ ತಲೆಬಾಗಿದೆ. ಹುಡುಗನ ಅಮ್ಮನ ಕೈಯದು. ಮೊದಲ ರಾತ್ರಿ ಅಪ್ಪೆಹುಳಿ, ಒಂದೆಲಗದ ತಂಬುಳಿ, ಕೆಸುವಿನ ಕರಕಲಿ, ಹಲಸಿನ ಹಪ್ಪಳ, ಮಜ್ಜಿಗೆ. ಕರಕಲಿ ನಾಲಿಗೆಗೆ ಒಂಚೂರೂ ತುರಿಸಲಿಲ್ಲ. ಹುಳಿ ಹಾಕಿ ಗಂಟೆಗಟ್ಟಲೆ ಕುದಿಸಿದವರಿಗೆ ಮಾತ್ರ ಬರುವ ಹದ ಅದು. ಮಧ್ಯಾಹ್ನ ಅಳಿಯನಿಗೆ ಹಳ್ಳದ ಬದಿ ತೋರಿಸಿ, ಇದರಲ್ಲಿ ತಿನ್ನುವ ಕೆಸು ಯಾವುದು ಹೇಳು ಅಂದಿದ್ದೆ. ಧೈರ್ಯವಾಗಿ ಕಾಡುಕೆಸು ತೋರಿಸಿದ.

ಬಸ್ಸಿನ ಹೊರಗೆ ಒಂದು ಕುರ್ಚಿ ಇಟ್ಟಿದ್ದಾರೆ. ಬಂದವರೆಲ್ಲ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ, ಬಸ್ಸಿಗೆ ಒರಗಿ, ನಗುತ್ತ ಫೋಟೋ ತೆಗೆಸಿಕೊಳ್ಳಬೇಕು. ಅಮೆರಿಕದ ಆ ಹುಡುಗ ಹಾಗೆ ಕೂತು ತಾನೇ ತೆಗೆದುಕೊಂಡ ಫೋಟೋ ಅವನ ಕ್ಯಾಮೆರಾದಲ್ಲಿತ್ತಂತೆ. ತೊಳೆಸಿದ್ದು ಅವನು ಸತ್ತ ಮೇಲೆ. 1992ರ ಸೆಪ್ಟೆಂಬರ್ 6ರಂದು ಬೇಟೆಯವರು ಆ ಬಸ್ಸಿನೊಳಗೆ ಅವನನ್ನು ಕಂಡಾಗ ಮೈಯಲ್ಲಿ ಉಳಿದಿದ್ದು ಸುಮಾರು 30 ಕೆಜಿ. ಹಸಿವಿನಿಂದ ಸತ್ತವನ ಕುರ್ಚಿಯಲ್ಲಿ ಹಪ್ಪಳ ತಿನ್ನುತ್ತ ಫೋಟೋ. ನನಗೆ ಕೂರಲಾಗಲಿಲ್ಲ. ಅಳಿಯ ಕೂತ. ಫೋಟೋ ನಾನೇ ತೆಗೆದೆ, ಅದೂ ಹೌದು.

ಅಮೆರಿಕದ ಆ ಕ್ರಿಸ್‌ನ ಕಥೆ ಇದು. ಮೊದಲ ರಾತ್ರಿ ಅಳಿಯ ಹೇಳಿದ್ದನ್ನು ಕೇಳಿದೆ, ಮನೆಗೆ ಬಂದ ಮೇಲೆ ನಾನೇ ಹುಡುಕಿ ಓದಿದೆ. 1990ರಲ್ಲಿ ಡಿಗ್ರಿ ಮುಗಿಸಿದ, ಉಳಿದಿದ್ದ 24,000 ಡಾಲರ್ ದಾನ ಮಾಡಿದ, ಮನೆಗೆ ಹೇಳದೆ ಹೊರಟ. ಅರಿಜೋನಾದ ಮರಳಿನಲ್ಲಿ ಕಾರು ಬಿಟ್ಟ, ಕಿಸೆಯ ನೋಟು ಸುಟ್ಟ, ಹೆಸರನ್ನೂ ಬದಲಿಸಿಕೊಂಡ. ಎರಡು ವರ್ಷ ಅಲೆದು 1992ರ ಏಪ್ರಿಲ್ 28ರಂದು ಅಲಾಸ್ಕದ ಕಾಡಿನ ದಾರಿ ಹಿಡಿದ. ಕೈಯಲ್ಲೊಂದು ಸಣ್ಣ ಬಂದೂಕು, ನಾಲ್ಕೂವರೆ ಕೆಜಿ ಅಕ್ಕಿ. ನಮ್ಮ ಮನೆಯಲ್ಲಿ ನೆಂಟರು ಬಂದರೆ ಎರಡು ದಿನಕ್ಕೆ ಅಷ್ಟು ಅಕ್ಕಿ ಬೇಕು.

ಬಸ್ಸಿನ ಕಥೆ ನನಗೆ ಇನ್ನೂ ರುಚಿಸಿತು. 1946ರ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಗಾಡಿ, ಫೇರ್‌ಬ್ಯಾಂಕ್ಸ್ ಊರಿನಲ್ಲಿ ಸಿಟಿ ಬಸ್ಸಾಗಿ ಓಡಿದ್ದು. 1961ರಲ್ಲಿ ರಸ್ತೆ ಕೆಲಸದವರು ಮಲಗಲಿಕ್ಕೆಂದು ಕಾಡಿಗೆ ಎಳೆದುಕೊಂಡು ಹೋದರು. ಎಕ್ಸೆಲ್ ಮುರಿಯಿತು, ಅಲ್ಲೇ ಬಿಟ್ಟು ಬಂದರು. ನಮ್ಮ ಡಿಪೋದಲ್ಲಾದರೆ ಬ್ರೇಕ್‌ಡೌನ್ ಗಾಡಿಯನ್ನು ಹಾಗೆ ಬಿಟ್ಟು ಬಂದವನಿಗೆ ಮೆಮೊ ಗ್ಯಾರಂಟಿ. ಹುಡುಗ ಸತ್ತ ಮೇಲೆ ಅದನ್ನು ನೋಡಲು ಜನ ಹೋಗಿ ಹೋಗಿ, 2010ರಲ್ಲಿ ಒಬ್ಬಳು, 2019ರಲ್ಲಿ ಇನ್ನೊಬ್ಬಳು ದಾರಿಯ ಹೊಳೆಯಲ್ಲಿ ಕೊಚ್ಚಿಹೋದರು. ಕೊನೆಗೆ 2020ರ ಜೂನ್‌ನಲ್ಲಿ ಹೆಲಿಕಾಪ್ಟರಿಗೆ ಕಟ್ಟಿ ಎತ್ತಿಕೊಂಡು ಬಂದರು.

ಅಳಿಯನ ಪ್ರಕಾರ ಅವನೊಬ್ಬ ಋಷಿ. ಅಲ್ಲಿಯವರು ಬಹಳ ಜನ ಪೆದ್ದ, ಸೊಕ್ಕಿನವ ಅನ್ನುತ್ತಾರಂತೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡು ವರ್ಷ ಕಾಸಿಲ್ಲದೆ ಅಷ್ಟು ದೊಡ್ಡ ದೇಶ ಸುತ್ತಿದವ ಪೆದ್ದನಲ್ಲ. ಹೋದಲ್ಲೆಲ್ಲ ಜನ ಅವನನ್ನು ಇಟ್ಟುಕೊಳ್ಳಲು ನೋಡಿದ್ದಾರೆ. ಸೌತ್ ಡಕೋಟಾದಲ್ಲಿ ಧಾನ್ಯದ ಗೋದಾಮಿನ ಕೆಲಸ ಕೊಟ್ಟರು, ಮೈಮುರಿದು ದುಡಿದ. ಎಂಬತ್ತರ ಮುದುಕರೊಬ್ಬರು ಮೊಮ್ಮಗನಾಗಿ ದತ್ತು ತಗೊಳ್ಳುತ್ತೇನೆ ಅಂದರೆ, ಅಲಾಸ್ಕದಿಂದ ಬಂದ ಮೇಲೆ ಮಾತಾಡೋಣ ಅಂದನಂತೆ. ಜನ ಬೇಡವಾದವನು ಹೀಗಿರುವುದಿಲ್ಲ. ಅವನಿಗೆ ಬೇಡವಾಗಿದ್ದು ಒಂದು ಮನೆ. ಅಪ್ಪ ಮೊದಲ ಹೆಂಡತಿಯ ಸಂಬಂಧ ಬಿಡದೆ ಎರಡು ಸಂಸಾರ ನಡೆಸಿದ್ದು, ಅದನ್ನು ಮಕ್ಕಳಿಂದ ಮುಚ್ಚಿಟ್ಟಿದ್ದು, ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ಅವನಿಗೆ ಗೊತ್ತಾಗಿತ್ತು. ಮನೆಯಲ್ಲಿ ಬಾಯಿಬಿಟ್ಟು ಜಗಳ ಆಡಲಿಲ್ಲ, ಒಳಗೇ ಇಟ್ಟುಕೊಂಡ. ಕಾಡು ಅವನಿಗೆ ಊರಾಗಿರಲಿಲ್ಲ. ಆ ಮನೆಯಿಂದ ಹೊರಟ ಬಸ್ಸಿನ ಕೊನೇ ಸ್ಟಾಪು, ಅಷ್ಟೆ.

ಇದನ್ನು ನಾನು ಯಾವ ಧೈರ್ಯದಲ್ಲಿ ಹೇಳುತ್ತೇನೆ ಅಂದರೆ, ಕಾಡಿನ ನಡುವೆ ಇಳಿಯುವವರನ್ನು ಬಹಳ ನೋಡಿದ್ದೇನೆ. ಸೊಪ್ಪಿಗೆ ಹೋಗುವ ಹೆಂಗಸರು, ಗಾರ್ಡುಗಳು, ಸರ್ವೆಯವರು, ಹರಕೆಯವರು. ಎಲ್ಲರೂ ಒಂದು ಕಾಲು ಮೆಟ್ಟಿಲಿಗಿಟ್ಟು ಕೇಳುವುದು ಒಂದೇ: 'ವಾಪಸ್ ಬಸ್ಸು ಎಷ್ಟೊತ್ತಿಗೆ?' ಕೇಳದೆ ಇಳಿದವನ ಮುಖ ಎರಡು ಸಲ ನೋಡಬೇಕು. ಮತ್ತಿಘಟ್ಟದ ಕಡೆ ಒಮ್ಮೆ ಹಾಗೊಬ್ಬ ಇಳಿದ, ಹೆಗಲಿಗೆ ಕಾಲೇಜು ಚೀಲ. ಎಲ್ಲಿಗೆ ಅಂದರೆ 'ಹಂಗೇ ಸುಮ್ನೆ' ಅಂದ. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ವಾಪಸ್ ಬರುವಾಗ ಅದೇ ತಿರುವಿನಲ್ಲಿ ನಡುಗುತ್ತ ನಿಂತಿದ್ದ, ಕಾಲಿನ ತುಂಬ ಉಂಬಳ ಕಚ್ಚಿದ ರಕ್ತ. ಟಿಕೆಟ್ಟಿಗೆ ಕಾಸಿರಲಿಲ್ಲ, ನಾನೇ ಹಾಕಿದೆ. ಶಿರಸಿ ಬರುವವರೆಗೂ ಮಾತಿಲ್ಲ. ಇಳಿದ ಮೇಲೆ ಎಸ್‌ಟಿಡಿ ಬೂತ್ ಎಲ್ಲಿದೆ ಅಂತ ಕೇಳಿದ.

ಎರಡನೇ ರಾತ್ರಿ ಮಳೆ ಹಿಡಿಯಿತು. ಸೋರಲು ಶುರುವಾಗಿ ಹಾಸಿಗೆಗಳನ್ನು ಡ್ರೈವರ್ ಸೀಟಿನ ಹಿಂದಕ್ಕೆ ಎಳೆದುಕೊಂಡೆವು. ಕರೆಂಟಿಲ್ಲ, ಸಿಗ್ನಲ್ ಅಲ್ಲಿ ಮೊದಲೇ ಇಲ್ಲ. ಆ ಕತ್ತಲಲ್ಲಿ ಅಳಿಯ ತನ್ನ ಅಪ್ಪನ ವಿಷಯ ತೆಗೆದ. ಏನೆಂದು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು. ಒಂದು ವರ್ಷದಿಂದ ಅಪ್ಪ ಮಗ ಮಾತು ಬಿಟ್ಟಿದ್ದು ನನ್ನ ತಂಗಿಗೇ ಸರಿಯಾಗಿ ಗೊತ್ತಿರಲಿಲ್ಲ. ಎರಡು ಗಂಟೆ ಹೇಳಿದ. ನಾನು ಹ್ಞೂಂ ಅಂದೆ, ಬಕೆಟ್ಟು ತುಂಬಿದಾಗ ಎದ್ದು ಚೆಲ್ಲಿ ಬಂದೆ. ಅಷ್ಟು ಹೊತ್ತಿನಲ್ಲಿ ಕಾಡಿನ ಮಾತು ಒಮ್ಮೆಯೂ ಬರಲಿಲ್ಲ.

ಬೆಳಿಗ್ಗೆ ತಿಂಡಿ ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಹಳ್ಳದ ಹತ್ತಿರ ಹೋದರೆ ಸಂಕ ಕಾಣುತ್ತಿಲ್ಲ. ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಮೊಣಕಾಲುದ್ದ ಕೆಂಪು ನೀರು. ಆಚೆ ದಡದಲ್ಲಿ ನಡೆಸುವ ಹುಡುಗ ಟಿಫಿನ್ ಕ್ಯಾರಿಯರ್ ಹಿಡಿದು ಕೈ ಬೀಸುತ್ತಿದ್ದಾನೆ, ಏನೋ ಕೂಗುತ್ತಾನೆ, ನೀರಿನ ಸದ್ದಿನಲ್ಲಿ ಕೇಳಿಸದು. ನಮ್ಮ ಹತ್ತಿರ ಇದ್ದದ್ದು ಅರ್ಧ ಪ್ಯಾಕೆಟ್ ಬಿಸ್ಕತ್ತು. ನನಗೆ ಸಕ್ಕರೆ ಕಾಯಿಲೆ. ಬುಕ್ ಮಾಡುವಾಗ ಹೀಗಾಗಬಹುದು ಅಂತ ಒಂದು ಮಾತು ಹೇಳಿರಲಿಲ್ಲ. ನನ್ನ ದೊಡ್ಡ ದೂರು ಇದು. ಸೋರುವುದನ್ನು ಬೇಕಾದರೆ ಕ್ಷಮಿಸುತ್ತೇನೆ.

ಅಲಾಸ್ಕದ ಹುಡುಗನಿಗೂ ಇದೇ ಆಗಿದ್ದು. ಏಪ್ರಿಲ್‌ನಲ್ಲಿ ನಡೆದೇ ದಾಟಿದ ಟೆಕ್ಲಾನಿಕಾ ಹೊಳೆ, ಸಾಕು ಅನ್ನಿಸಿ ಜುಲೈ 5ಕ್ಕೆ ವಾಪಸ್ ಬಂದರೆ ಹಿಮ ಕರಗಿ ಭರ್ತಿ ಹರಿಯುತ್ತಿತ್ತು. ತಿರುಗಿ ಬಸ್ಸಿಗೇ ಹೋದ. ಕಾಲು ಮೈಲಿ ಕೆಳಗೆ, ತಂತಿಗೆ ಕಟ್ಟಿದ ಬುಟ್ಟಿಯಲ್ಲಿ ಕೂತು ಕೈಯಲ್ಲಿ ಎಳೆದುಕೊಂಡು ದಾಟುವ ವ್ಯವಸ್ಥೆ ಇತ್ತಂತೆ. ಅವನ ಹತ್ತಿರ ಸರಿಯಾದ ನಕ್ಷೆ ಇರಲಿಲ್ಲ. ಶಿವರಾತ್ರಿಗೆ ಪಾದ ನೆನೆಯದ ಹಳ್ಳ ಆಷಾಢಕ್ಕೆ ಎಮ್ಮೆಯನ್ನೇ ಎಳೆಯುತ್ತದೆ ಅಂತ ನಮ್ಮ ಕಡೆ ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಅವನಿಗೆ ಹೇಳುವವರು ಇರಲಿಲ್ಲ. ಇದ್ದವರ ಮಾತು ಕೇಳಲೂ ಇಲ್ಲ ಅನ್ನಿ. ಲಿಫ್ಟ್ ಕೊಟ್ಟ ಎಲೆಕ್ಟ್ರಿಷಿಯನ್ ಬೇಡ ಬೇಡ ಅಂದು, ಕೊನೆಗೆ ತನ್ನ ರಬ್ಬರ್ ಬೂಟು, ತನ್ನ ಬುತ್ತಿ ಕೊಟ್ಟು ಇಳಿಸಿದನಂತೆ. ಆ ಮನುಷ್ಯನ ರಾತ್ರಿಗಳು ಹೇಗಿದ್ದಿರಬಹುದು ಅಂತ ನನಗೆ ಗೊತ್ತು.

ಕೊನೆಗೆ ಅವನು ಬಸ್ಸಿನ ಬಾಗಿಲಿಗೆ ಚೀಟಿ ಅಂಟಿಸಿದ್ದ: ಯಾರಾದರೂ ಬಂದರೆ ಹೋಗಬೇಡಿ, ನನ್ನನ್ನು ಉಳಿಸಿ ಅಂತ. ಅಲೆಮಾರಿಯ ಹೆಸರು ಹಾಕಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರಿನಲ್ಲೇ ಸಹಿ. ಇದನ್ನು ಅಳಿಯನಿಗೆ ಆಮೇಲೆ ಫೋನಿನಲ್ಲಿ ಹೇಳಿದೆ. 'ಗೊತ್ತು ಮಾವ' ಅಂದ.

ನಮ್ಮದು ಅಷ್ಟು ದೂರ ಹೋಗಲಿಲ್ಲ. ಹನ್ನೊಂದರ ಹೊತ್ತಿಗೆ ಕಂಬಳಿ ಕೊಪ್ಪೆ ಹಾಕಿದ ಒಬ್ಬ ಹೆಂಗಸು ಕತ್ತಿ ಹಿಡಿದು ಗುಡ್ಡದ ಮೇಲಿನಿಂದ ಇಳಿದು ಬಂದಳು. ದನ ಹುಡುಕಲು ಬಂದಿದ್ದಳು. ನಾವು ಕಲ್ಲಿನ ಮೇಲೆ ಕೂತಿದ್ದು ನೋಡಿ 'ಎಂತ ರಾ, ಇಲ್ಲಿ ಕೂತೀರಿ?' ಅಂದಳು. ಹಳ್ಳ ದಾಟಬೇಕು ಅಂದೆ. 'ಮೇಲ್ಗಡೆ ಸಂಕ ಅದ್ಯಲ್ರಾ' ಅಂದು ಕತ್ತಿಯಲ್ಲೇ ತೋರಿಸಿದಳು. ಹತ್ತು ನಿಮಿಷದ ದಾರಿ. ಎರಡು ಬಂಡೆಗಳ ನಡುವೆ ಎತ್ತರದಲ್ಲಿ ಮರದ ದಿಮ್ಮಿ, ಹಿಡಿಯಲು ಬಳ್ಳಿ ಕಟ್ಟಿದ್ದಾರೆ. ನಡೆಸುವ ಹುಡುಗನಿಗೆ ಅದು ಗೊತ್ತಿತ್ತು. ಅಷ್ಟು ಹೊತ್ತು ಆಚೆಯಿಂದ ಕೂಗಿದ್ದು ಅದನ್ನೇ. ಒಂದು ಬೋರ್ಡು ಬರೆಸಿ ಬಾಣದ ಗುರುತು ಹಾಕಲು ಎಷ್ಟಾಗುತ್ತದೆ ಮಾರಾಯ ಅಂತ ಕೇಳಿದೆ. 'ಬೋರ್ಡು ಹಾಕಿದರೆ ಕಾಡಿನ ಫೀಲಿಂಗ್ ಹೋಗ್ತದೆ' ಅಂದ. ನಾನು ಸಿಟ್ಟಿನಲ್ಲಿ ಆಡಿದ ಮಾತು ಇಲ್ಲಿ ಬೇಡ. ಒಂದು ರಾತ್ರಿಯ ಅರ್ಧ ಹಣ ವಾಪಸ್ ಕೊಟ್ಟ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವನ ಅಮ್ಮ ಬಿಸಿ ದೋಸೆ, ಜೋನಿ ಬೆಲ್ಲ ಬಡಿಸಿದರು. ಅಳಿಯ ಒಂಬತ್ತು ತಿಂದ.

ಐದಕ್ಕೆ ಮೂರು ಸ್ಟಾರ್. ಎರಡು ಆ ಅಮ್ಮನ ಅಡುಗೆಗೆ, ಒಂದು ಬಸ್ಸಿಗೆ. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲೇ ಹೋಗಬೇಕೆಂದರೆ ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು, ಎರಡು ಹೊತ್ತಿಗಾಗುವಷ್ಟು ಅವಲಕ್ಕಿ, ಔಷಧಿಯವರು ಔಷಧಿ, ಎಲ್ಲ ಚೀಲದಲ್ಲಿರಲಿ. ಮೇಲಿನ ಸಂಕ ಎಲ್ಲಿದೆ ಅಂತ ಬಂದ ದಿನವೇ ಕೇಳಿಕೊಂಡು ಒಮ್ಮೆ ನಡೆದು ನೋಡಿ.

ಅಳಿಯ ಡಿಸೆಂಬರಿಗೆ ಮತ್ತೆ ಬುಕ್ ಮಾಡಿದ್ದಾನೆ, ಈ ಸಲ ಒಬ್ಬನೇ, ನಾಲ್ಕು ರಾತ್ರಿ. ತಂಗಿ ಮತ್ತೆ ಫೋನ್ ಮಾಡಿದಳು. ಹೋಗಲಿ ಬಿಡು ಅಂದೆ. ಟಾರು ರಸ್ತೆಗೆ ಶಿರಸಿ ಬಸ್ಸು ಬರುವ ಹೊತ್ತುಗಳನ್ನು ಬರೆದು ಕಳಿಸು ಅಂತ ಅವನೇ ಕೇಳಿದ್ದ, ಬರೆದು ಕಳಿಸಿದೆ. ಜೊತೆಗೆ ಒಂದು ಸಾಲು: ಬಲಗಡೆ ನಾಲ್ಕನೇ ಕಿಟಕಿಯ ಕೆಳಗೆ ಮಲಗಬೇಡ, ಅಕಾಲದ ಮಳೆ ಬಂದರೆ ಮೊದಲು ಸೋರುವುದು ಅಲ್ಲೇ.